ಹಳೆಯದೆಲ್ಲ ಅಪರೂಪವಲ್ಲ

ನಮ್ಮ ಬಹುಪಾಲು ಮನೆಗಳಲ್ಲಿ ಹಳೆಯ ನಾಣ್ಯಗಳ ಒಂದು ಚಿಕ್ಕ ಗಂಟು ಇದ್ದೇ ಇರುತ್ತದೆ. ಲಕ್ಷ್ಮೀಪೂಜೆಗೆಂದು ದೇವರ ಪೆಟ್ಟಿಗೆಯಲ್ಲಿಟ್ಟ ವಿಕ್ಟೋರಿಯಾ ರೂಪಾಯಿ, ಅಜ್ಜಿ ಉಳಿಸಿ ಹೋದ ತೂತು ಕಾಸು, ಚಲಾವಣೆ ನಿಂತ ಮೇಲೂ ಎಸೆಯಲು ಮನಸ್ಸು ಬಾರದ ನಾಲ್ಕಾಣೆ ಬಿಲ್ಲೆಗಳು. ಇವುಗಳ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಆಸೆ ಹುಟ್ಟಿಕೊಂಡಿದೆ. ವೈಷ್ಣೋದೇವಿಯ ಚಿತ್ರವಿರುವ 5 ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ, ಭಾರತದ ನಕ್ಷೆಯಿರುವ 2 ರೂಪಾಯಿ ನಿಮ್ಮ ಸಾಲ ತೀರಿಸುತ್ತದೆ ಎನ್ನುವ ವಿಡಿಯೊಗಳು ಮೊಬೈಲಿನಲ್ಲಿ ದಿನವೂ ಬರುತ್ತಿವೆ. ಹಣದ ವಿಷಯ ಬರೆಯುವವನಾಗಿ ಈ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನಾಣ್ಯಗಳಲ್ಲಿ ನಿಜಕ್ಕೂ ಬೆಲೆಬಾಳುವವು ಇವೆ, ಅವನ್ನು ಗುರುತಿಸಲು ಕಲಿಯಲೂಬಹುದು. ಆದರೆ ಆ ಕಲಿಕೆ ಶುರುವಾಗುವುದು ಅಪರೂಪದ ನಾಣ್ಯಗಳ ಪಟ್ಟಿಯಿಂದ ಎಂದು ನನಗನಿಸುವುದಿಲ್ಲ. ಯಾವುದು ಸಾಮಾನ್ಯ, ಅದೇಕೆ ಸಾಮಾನ್ಯವಾಯಿತು ಎಂಬುದು ಮೊದಲು ತಿಳಿಯಬೇಕು. ಅದು ತಿಳಿದವನ ಕಣ್ಣಿಗೆ ಮಾತ್ರ ಅಪರೂಪದ್ದು ಬೇರೆಯಾಗಿ ಕಾಣುತ್ತದೆ.

ಮೊದಲು ವಯಸ್ಸಿನ ಲೆಕ್ಕವನ್ನೇ ನೋಡೋಣ. 1862ರ ವಿಕ್ಟೋರಿಯಾ ರೂಪಾಯಿ ಕೈಗೆ ಬಂದರೆ 160 ವರ್ಷದ ಹಿಂದಿನದು ಎಂದು ಹೃದಯ ಜೋರಾಗಿ ಬಡಿದುಕೊಳ್ಳುವುದು ಸಹಜ. ಆದರೆ ಆ ಇಸವಿಯನ್ನು ಟಂಕಸಾಲೆಗಳು 1874ರವರೆಗೂ ಬದಲಿಸದೆ ಅಚ್ಚೊತ್ತುತ್ತಲೇ ಹೋದವು. ಯಾವ ವರ್ಷದ್ದೆಂಬುದನ್ನು ಸಣ್ಣ ಚುಕ್ಕೆಗಳಿಂದ ಸೂಚಿಸುತ್ತಿದ್ದರು. ಹಾಗಾಗಿ 1862 ಎಂದಿರುವ ರೂಪಾಯಿಗಳು ಹೇರಳವಾಗಿವೆ. ಪರಿಣತರು ಹುಡುಕುವುದು ಇಸವಿಯನ್ನಲ್ಲ, ಆ ಚುಕ್ಕೆಗಳ ಸಂಖ್ಯೆ ಮತ್ತು ಜಾಗವನ್ನು. 1918ರ ಐದನೇ ಜಾರ್ಜ್ ರೂಪಾಯಿಯ ಕಥೆ ಇನ್ನೂ ಸ್ಪಷ್ಟ. ಮೊದಲ ಮಹಾಯುದ್ಧದ ಕೊನೆಯ ವರ್ಷದಲ್ಲಿ ಭಾರತದಲ್ಲಿ ಬೆಳ್ಳಿಗೆ ತತ್ವಾರ ಬಂದಾಗ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ತನ್ನ ಕೋಟಿಗಟ್ಟಲೆ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಹಾಗೆ ಬಂದ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಬ್ರಿಟನ್ನಿಗೆ ಮಾರಿತು. ಅದರ ಬಹುಪಾಲು ಇಲ್ಲಿನ ಟಂಕಸಾಲೆಗಳಿಗೆ ಬಂದು ರೂಪಾಯಿಯಾಯಿತು. ಆ ಕಾಲದ ರೂಪಾಯಿ ಇಂದಿಗೂ ಊರೂರಿನ ಚಿನಿವಾರರ ಅಂಗಡಿಯಲ್ಲಿ ಸಿಗುವುದಕ್ಕೆ ಇದೇ ಕಾರಣ. 1943ರಿಂದ 1947ರವರೆಗೆ ಬಂದ ತೂತು ಕಾಸಿನ ವಿಷಯವೂ ಹಾಗೆಯೇ. ನೋಡಲು ವಿಚಿತ್ರ, ಸಂಖ್ಯೆಯಲ್ಲಿ ಅಪಾರ. ಇನ್ನೂ ಹಿಂದಕ್ಕೆ ಹೋದರೆ, ಟಿಪ್ಪುವಿನ ಆನೆ ಚಿತ್ರದ ತಾಮ್ರದ ಕಾಸುಗಳು ಹಳೇ ಮೈಸೂರು ಸೀಮೆಯಲ್ಲಿ ಎರಡು ಶತಮಾನಗಳಿಂದ ಸಿಗುತ್ತಲೇ ಇವೆ. ಸವೆದ ಒಂದು ಆನೆ ಕಾಸಿಗೆ ಇತಿಹಾಸದ ಬೆಲೆ ದೊಡ್ಡದು, ಪೇಟೆಯ ಬೆಲೆ ಚಿಕ್ಕದು.

ಹಾಗಾದರೆ ಅಪರೂಪ ಹುಟ್ಟುವುದು ಎಲ್ಲಿ? ಎಷ್ಟು ಅಚ್ಚಾಯಿತು ಎಂಬುದಕ್ಕಿಂತ ಎಷ್ಟು ಉಳಿಯಿತು ಎಂಬುದರಲ್ಲಿ. 1911ರ ಐದನೇ ಜಾರ್ಜ್ ರೂಪಾಯಿ ಇದಕ್ಕೆ ಒಳ್ಳೆಯ ಉದಾಹರಣೆ. ದೊರೆಯ ನಿಲುವಂಗಿಯ ಮೇಲಿನ ಹಾರದಲ್ಲಿ ಕೆತ್ತಿದ್ದ ಪುಟ್ಟ ಆನೆಯ ಸೊಂಡಿಲು ಮೊಟಕಾಗಿ ಅದು ಹಂದಿಯಂತೆ ಕಂಡಿತು. ಮುಸ್ಲಿಮರಿಂದ ಆಕ್ಷೇಪ ಬಂತು, ಸರ್ಕಾರ ನಾಣ್ಯವನ್ನು ಹಿಂದಕ್ಕೆ ಪಡೆದು ಕರಗಿಸಿತು, 1912ರಲ್ಲಿ ಸೊಂಡಿಲು ತಿದ್ದಿದ ಹೊಸ ಅಚ್ಚು ಬಂತು. ಹೀಗಾಗಿ 1911ರದ್ದಕ್ಕೆ ಪಕ್ಕದ ಇಸವಿಗಳ ರೂಪಾಯಿಗಿಂತ ಬಹಳ ಹೆಚ್ಚಿನ ಬೆಲೆ. 1939ರ ಆರನೇ ಜಾರ್ಜ್ ಬೆಳ್ಳಿ ರೂಪಾಯಿಯದು ಇದಕ್ಕಿಂತ ದೊಡ್ಡ ಹೆಸರು. ಅದುವರೆಗೆ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು, ಹಳೆಯ ಶುದ್ಧತೆಯ ರೂಪಾಯಿಗಳನ್ನು ಯುದ್ಧದ ನಡುವೆ ಸರ್ಕಾರ ವಾಪಸು ಪಡೆಯಿತು. 1939ರ ಅಚ್ಚಿನಲ್ಲಿ ಜನರ ಕೈಯಲ್ಲಿ ಉಳಿದದ್ದು ತೀರಾ ಕಡಿಮೆ. ಇವೆರಡರಲ್ಲೂ ಬೆಲೆಯ ಹಿಂದೆ ಒಂದು ದಾಖಲಾದ ಕಾರಣವಿದೆ. ವೈಷ್ಣೋದೇವಿ ನಾಣ್ಯಕ್ಕೆ ಅಂಥ ಕಾರಣವೇ ಇಲ್ಲ. ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ 2012ರಲ್ಲಿ 5 ಮತ್ತು 10 ರೂಪಾಯಿಯಲ್ಲಿ ಬಂದ ಅದು ನಿತ್ಯದ ವ್ಯವಹಾರಕ್ಕೆಂದೇ ದೊಡ್ಡ ಸಂಖ್ಯೆಯಲ್ಲಿ ಅಚ್ಚಾದ ನಾಣ್ಯ, ಇಂದಿಗೂ ಚಿಲ್ಲರೆಯಲ್ಲಿ ಕೈಗೆ ಬರುತ್ತದೆ. ಯಾವುದೇ ನಾಣ್ಯಕ್ಕೆ ಲಕ್ಷದ ಬೆಲೆ ಹೇಳುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಇದು ಕಡಿಮೆಯಾದದ್ದು ಯಾವ ಕಾರಣಕ್ಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾಣ್ಯವನ್ನು ಓದಲು ಬರಬೇಕು. ಇಸವಿಯ ಕೆಳಗಿನ ಪುಟ್ಟ ಗುರುತು ಅದು ಯಾವ ಟಂಕಸಾಲೆಯದು ಎಂದು ಹೇಳುತ್ತದೆ. ಇಂದಿನ ನಾಣ್ಯಗಳಲ್ಲಿ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಬೇಡಿಕೆಗೆ ತಕ್ಕಷ್ಟು ಇಲ್ಲಿ ಅಚ್ಚಾಗದೆ ಹೊರದೇಶದ ಟಂಕಸಾಲೆಗಳಲ್ಲಿ ಮಾಡಿಸಿದ ನಾಣ್ಯಗಳೂ ಇವೆ. 1985ರ ಕೆಲವು 1 ರೂಪಾಯಿ ನಾಣ್ಯಗಳಲ್ಲಿ ಕಾಣುವ ಎಚ್ ಅಕ್ಷರ ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿಯದು. ಒಂದೇ ಮುಖಬೆಲೆ, ಒಂದೇ ಇಸವಿ ಇದ್ದರೂ ಒಂದು ಟಂಕಸಾಲೆಯದು ಸಾಮಾನ್ಯವಾಗಿ, ಇನ್ನೊಂದರದು ವಿರಳವಾಗಿ ಇರಬಹುದು. ಹಾಗೆಂದು ಗುರುತು ಕಂಡ ಮಾತ್ರಕ್ಕೆ ಬೆಲೆ ಬರುವುದಿಲ್ಲ. ನಕ್ಷತ್ರದ ಗುರುತಿರುವ ನಾಣ್ಯಗಳು ದೇಶದಲ್ಲಿ ಲೆಕ್ಕವಿಲ್ಲದಷ್ಟಿವೆ. ಮುಖಬೆಲೆ, ಇಸವಿ, ಟಂಕಸಾಲೆ, ಅಚ್ಚಿನ ಬಗೆ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಕ್ಯಾಟಲಾಗಿನಲ್ಲಿ ನೋಡಿದಾಗಲೇ ಅದರ ಜಾಗ ತಿಳಿಯುವುದು.

ಮುಂದಿನ ಪ್ರಶ್ನೆ ಅಸಲಿಯೋ ನಕಲಿಯೋ ಎಂಬುದು. ಬೆಲೆ ಏರಿದಲ್ಲೆಲ್ಲ ನಕಲಿಯೂ ಬರುತ್ತದೆ, 1939ರ ರೂಪಾಯಿಯ ನಕಲಿಗಳಂತೂ ಪೇಟೆಯಲ್ಲಿ ಧಾರಾಳ. ಅಂಥದೊಂದು ಕೈಗೆ ಬಂದರೆ ಹೀಗೆ ಪರೀಕ್ಷಿಸಬಹುದು. ಮೊದಲು ಚಿನಿವಾರರ ತಕ್ಕಡಿಯಲ್ಲಿ ತೂಗಿ. ಸವೆಯದ ನಾಣ್ಯ 11.66 ಗ್ರಾಮಿನ ಹತ್ತಿರವಿರಬೇಕು. ಆಮೇಲೆ ಸಣ್ಣ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ. ಹಳೆಯ ಶುದ್ಧತೆಯ ಬೆಳ್ಳಿಯಾದರೆ ತೂಕ ಸುಮಾರು 1.13 ಗ್ರಾಂ ಕಡಿಮೆ ತೋರಿಸಬೇಕು. 1940ರ ನಂತರದ ಅರ್ಧ ಬೆಳ್ಳಿಯ ನಾಣ್ಯವಾದರೆ ಸುಮಾರು 1.2 ಗ್ರಾಂ, ಜರ್ಮನ್ ಸಿಲ್ವರಿನದಾದರೆ 1.3ಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಅಂಚಿನ ಗೆರೆಗಳನ್ನು ನೋಡಿ; 1940ರಿಂದ ಬಂದ ರೂಪಾಯಿಯ ಅಂಚಿನ ನಡುವೆ ನಕಲಿ ತಡೆಯಲೆಂದು ಕೊರೆದ ತೋಡು ಇರುತ್ತದೆ, 1939ರದ್ದಕ್ಕೆ ನೇರ ಗೆರೆಗಳಷ್ಟೇ. ಕೊನೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು 9ರ ಸುತ್ತಲಿನ ಮೈಯನ್ನು ದಿಟ್ಟಿಸಿ. 1938ರ 8ನ್ನು ಕೆರೆದು 9 ಮಾಡಿದ್ದರೆ ಅಲ್ಲಿ ಗೀರು, ತಗ್ಗು, ಬಣ್ಣದ ವ್ಯತ್ಯಾಸ ಕಾಣುತ್ತದೆ. ಎರಕ ಹೊಯ್ದ ನಕಲಿಯಾದರೆ ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳೂ ಅಕ್ಷರಗಳ ಅಂಚಿನಲ್ಲಿ ಮೊಂಡುತನವೂ ಇರುತ್ತವೆ. ಇದಕ್ಕೆಲ್ಲ ಒಂದು ಗಂಟೆ ಸಾಕು, ಉಳಿಯುವ ಹಣ ಸಾವಿರಗಟ್ಟಲೆ.

ಇತಿಹಾಸವನ್ನೇ ಅಳತೆಗೋಲಾಗಿ ಹಿಡಿದರೆ ಬಯಲಾಗುವ ನಕಲಿಗಳೂ ಇವೆ. ರಾಮಸೀತೆಯರ ಅಥವಾ ಹನುಮಂತನ ಚಿತ್ರ, ಇನ್ನೊಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ, ಒಂದಾಣೆ ಎಂಬ ಮುಖಬೆಲೆ ಇರುವ ಬಿಲ್ಲೆಗಳನ್ನು ತುಂಬ ಜನ ನಂಬಿಕೊಂಡಿದ್ದಾರೆ. ಕಂಪನಿ ಇಡೀ ಆಡಳಿತಕ್ಕೆ ಒಂದೇ ಮಾದರಿಯ ನಾಣ್ಯ ತಂದದ್ದು 1835ರಲ್ಲಿ. ಈ ರಾಮ ಹನುಮರ ಬಿಲ್ಲೆಗಳನ್ನು ಅದು ಎಂದೂ ಅಚ್ಚೊತ್ತಿಸಲಿಲ್ಲ. ಅವು ಪೂಜೆಗೆಂದು, ವ್ಯಾಪಾರಕ್ಕೆಂದು ಆಮೇಲೆ ಮಾಡಿದವು. ಅವುಗಳಲ್ಲಿ ಅಕ್ಕಿ ಸೆಳೆಯುವ ಶಕ್ತಿಯಿದೆ ಎಂದು ಹೇಳಿ ನಡೆಸುವ ರೈಸ್ ಪುಲ್ಲರ್ ವಂಚನೆಗೆ ನಮ್ಮ ರಾಜ್ಯದಲ್ಲಿ ಎಷ್ಟೋ ಮಂದಿ ಜಮೀನು ಮಾರಿದ ಹಣ ಕಳೆದುಕೊಂಡಿದ್ದಾರೆ. ದೇವರ ಮೇಲಿನ ಭಕ್ತಿಯನ್ನು ದುಡ್ಡಿನ ಬಲೆಗೆ ಬಳಸುವ ಈ ದಂಧೆ ನನ್ನನ್ನು ಬಹಳ ನೋಯಿಸುತ್ತದೆ.

ಅಸಲಿ ಎಂದು ಗೊತ್ತಾದ ಮೇಲೆ ಬೆಲೆ ನಿರ್ಧರಿಸುವುದು ನಾಣ್ಯದ ಸ್ಥಿತಿ. ಕೆನ್ನೆಯ ಮೂಳೆ, ಕಿರೀಟದ ಮುತ್ತು, ನಿಲುವಂಗಿಯ ನೆರಿಗೆ ಇಂಥ ಎತ್ತರದ ಜಾಗಗಳು ಮೊದಲು ಸವೆಯುತ್ತವೆ. ಅವು ಚೂಪಾಗಿ ಉಳಿದ ನಾಣ್ಯಕ್ಕೂ ನುಣ್ಣಗಾದ ನಾಣ್ಯಕ್ಕೂ ಬೆಲೆಯಲ್ಲಿ ಹತ್ತಾರು ಪಟ್ಟು ಅಂತರ ಬರುವುದುಂಟು. ಇಲ್ಲಿ ನಮ್ಮವರು ಮಾಡುವ ದೊಡ್ಡ ಹಾನಿ ಎಂದರೆ ಹುಣಸೆಹಣ್ಣು, ಬೂದಿ, ಪಾಲಿಶ್ ಪುಡಿ ಹಚ್ಚಿ ತಿಕ್ಕುವುದು. ಶತಮಾನದ ಕಾಲ ಗಾಳಿಗೆ ಸಹಜವಾಗಿ ಬಂದ ಕಪ್ಪು ನೀಲಿ ಛಾಯೆಯೇ ನಾಣ್ಯದ ಪ್ರಾಮಾಣಿಕತೆಗೆ ಸಾಕ್ಷಿ, ಸಂಗ್ರಾಹಕ ಅದಕ್ಕೇ ಹಣ ಕೊಡುವುದು. ತಿಕ್ಕಿ ಹೊಳಪು ತಂದ ಮರುಕ್ಷಣ ಬೆಲೆ ಕುಸಿಯುತ್ತದೆ, ಅದನ್ನು ಮರಳಿ ತರುವ ಉಪಾಯವಿಲ್ಲ. ಸರಕ್ಕೆ ಪೋಣಿಸಲು ಕೊಕ್ಕೆ ಬೆಸೆದ ರೂಪಾಯಿಯ ಕಥೆಯೂ ಅಷ್ಟೇ.

ಇಷ್ಟು ಹೇಳಿದಾಗ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: ಹಳೆಯ ನಾಣ್ಯ ಲಕ್ಷಕ್ಕೆ ಮಾರಾಟವಾದ ಸುದ್ದಿಯೆಲ್ಲ ಸುಳ್ಳೇ? ಸುಳ್ಳಲ್ಲ. ಬೆಂಗಳೂರಿನ ಮರುಧರ್ ಆರ್ಟ್ಸ್‌ನಂಥ ಹರಾಜು ಸಂಸ್ಥೆಗಳಲ್ಲಿ ಒಳ್ಳೆಯ ನಾಣ್ಯಗಳು ದೊಡ್ಡ ಮೊತ್ತಕ್ಕೆ ಹೋಗುತ್ತವೆ. ಆದರೆ ಕೇಳಿದ ಬೆಲೆ ಬೇರೆ, ಕೈಗೆ ಬಂದ ಬೆಲೆ ಬೇರೆ. ಅಂತರ್ಜಾಲದ ಮಾರಾಟ ತಾಣದಲ್ಲಿ ಯಾರು ಬೇಕಾದರೂ 5 ರೂಪಾಯಿ ನಾಣ್ಯಕ್ಕೆ 5 ಲಕ್ಷ ಎಂದು ಬರೆದುಕೊಳ್ಳಬಹುದು. ಅದು ಮಾರುವವನ ಆಸೆಯೇ ಹೊರತು ಕೊಳ್ಳುವವನ ಒಪ್ಪಿಗೆಯಲ್ಲ. ಹರಾಜು ಮುಗಿದ ಮೇಲೆ ಸಂಸ್ಥೆಗಳು ಪ್ರಕಟಿಸುವ ಅಂತಿಮ ಬೆಲೆಯ ಪಟ್ಟಿಯೊಂದೇ ನಂಬಬಹುದಾದ ಪುರಾವೆ, ಅದನ್ನೂ ನಮ್ಮ ನಾಣ್ಯದಷ್ಟೇ ಸವೆದ ನಾಣ್ಯದೊಂದಿಗೆ ಹೋಲಿಸಬೇಕು. ಅಲ್ಲಿ ಸಂಸ್ಥೆಯ ಕಮಿಷನ್ ಕಳೆದು ಉಳಿಯುವುದೇ ಮಾರಿದವರ ಪಾಲು.

ಎರಡನೆಯ ಆಕ್ಷೇಪ, ಹಾಗಾದರೆ ಸಾಮಾನ್ಯ ನಾಣ್ಯಕ್ಕೆ ಬೆಲೆಯೇ ಇಲ್ಲವೇ ಎಂಬುದು. ಖಂಡಿತ ಇದೆ. 1939ರವರೆಗಿನ ಪ್ರತಿ ಬೆಳ್ಳಿ ರೂಪಾಯಿಯಲ್ಲೂ ಸುಮಾರು 10.7 ಗ್ರಾಂ ಅಪ್ಪಟ ಬೆಳ್ಳಿಯಿದೆ. ಮಾರುವ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಅದರ ಕನಿಷ್ಠ ಬೆಲೆ ಸಿಗುತ್ತದೆ, ಅದಕ್ಕಿಂತ ಕಡಿಮೆಗೆ ಯಾರೂ ಮಾರಬೇಕಾಗಿಲ್ಲ. 1947ರ ರೂಪಾಯಿಗಳನ್ನು ಮಾತ್ರ ಬೆಳ್ಳಿಯೆಂದು ನಂಬಬೇಡಿ. ಅವು ನಿಕ್ಕಲ್, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ. ಇನ್ನು ಹೂಡಿಕೆಯೆಂದು ಹೊಸದಾಗಿ ನಾಣ್ಯ ಕೊಳ್ಳುವವರಿಗೆ ನನ್ನ ಮಾತು ಸ್ವಲ್ಪ ಕಟುವಾಗಿ ಕೇಳಿಸಬಹುದು. ನಾಣ್ಯ ಬಡ್ಡಿ ಕೊಡುವುದಿಲ್ಲ, ಬೇಕೆಂದ ದಿನ ಮಾರಾಟವಾಗುವುದಿಲ್ಲ, ವ್ಯಾಪಾರಿ ಮಾರುವ ದರಕ್ಕೂ ಕೊಳ್ಳುವ ದರಕ್ಕೂ ದೊಡ್ಡ ಅಂತರ. ಮಗಳ ಮದುವೆಗೋ ಮಗನ ಓದಿಗೋ ಇಟ್ಟ ಹಣವನ್ನು ಇದರಲ್ಲಿ ತೊಡಗಿಸುವುದು ತಪ್ಪು. ಕಲಿಯುವ ಆಸಕ್ತಿಯಿದ್ದು, ಕಳೆದುಕೊಂಡರೂ ಸಂಸಾರ ಅಲುಗದಷ್ಟು ಹಣವಿದ್ದರೆ ಮಾತ್ರ ಕೈಹಾಕಬೇಕು.

ಬೆಲೆಯೊಂದೇ ಮುಖ್ಯವಾದರೆ ನಮ್ಮ ನಾಡಿನ ನಾಣ್ಯಗಳಿಗೆ ಅನ್ಯಾಯವಾಗುತ್ತದೆ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನ ಚಿನ್ನದ ನಾಣ್ಯದ ಮೇಲೆ ಹಳಗನ್ನಡ ಲಿಪಿಯಲ್ಲಿ ಶ್ರೀ ತಲಕಾಡುಗೊಂಡ ಎಂದು ಬರೆಸಿದ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲಿ ಆನೆಯ ಮೇಲೆ ಸೂರ್ಯಚಂದ್ರರಿದ್ದಾರೆ, ಕನ್ನಡ ಅಕ್ಷರಗಳಲ್ಲಿ ಅದರ ಮೌಲ್ಯವಿದೆ. ಇಂಥದ್ದು ಹೊಲ ಉಳುವಾಗ, ಮನೆಯ ಪಾಯ ತೆಗೆಯುವಾಗ ಸಿಕ್ಕರೆ ಗುಟ್ಟಾಗಿ ಮಾರುವಂತಿಲ್ಲ. ನಿಧಿಗೆ ಸಂಬಂಧಿಸಿದ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಪರದೇಶದಲ್ಲಿರುವ ಕನ್ನಡಿಗರು ಊರಿಗೆ ಬಂದು ಹೋಗುವಾಗ ಅಜ್ಜನ ನಾಣ್ಯಗಳನ್ನು ಚೀಲಕ್ಕೆ ಹಾಕಿಕೊಳ್ಳುವ ಮುನ್ನ ಇದನ್ನು ನೆನಪಿಡಬೇಕು.

ಕೊನೆಯ ಮಾತು ವಂಚನೆಯದು. ತನ್ನ ಹೆಸರು, ಲಾಂಛನ ಬಳಸಿ ಹಳೆಯ ನೋಟು ನಾಣ್ಯ ಕೊಳ್ಳುತ್ತೇವೆಂದು ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ, ಅಂಥ ವ್ಯವಹಾರಕ್ಕೆ ತಾನು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸಾರ್ವಜನಿಕರನ್ನು ಎಚ್ಚರಿಸಿದೆ. ಕೊಳ್ಳುವವನು ಹಣ ಕೊಡಬೇಕು, ಮಾರುವವನು ಪಡೆಯಬೇಕು. ನೋಂದಣಿಗೆಂದೋ ಜಿಎಸ್‌ಟಿಗೆಂದೋ ಒಂದು ರೂಪಾಯಿ ಮುಂಗಡ ಕೇಳಿದರೂ ಅಲ್ಲಿಗೆ ಮಾತು ನಿಲ್ಲಿಸಿ, ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯಲ್ಲಿ ಹಳೆಯ ನಾಣ್ಯಗಳಿದ್ದರೆ ತಿಕ್ಕದೆ, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು ಇಸವಿ, ಗುರುತು, ತೂಕ ಬರೆದಿಡಿ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯವನ್ನೋ ನಾಣ್ಯ ಸಂಘಗಳ ಪ್ರದರ್ಶನವನ್ನೋ ಮಕ್ಕಳೊಂದಿಗೆ ಹೋಗಿ ನೋಡಿ. ಮಾರುವ ಮನಸ್ಸಾದರೆ ಪರಸ್ಪರ ಸಂಬಂಧವಿಲ್ಲದ ಇಬ್ಬರು ಮೂವರು ವ್ಯಾಪಾರಿಗಳಿಂದ ಬೆಲೆ ಕೇಳಿ ಬನ್ನಿ. ಆತುರ ಬೇಡ, ನಿಮ್ಮ ಕೈಯಲ್ಲಿರುವುದು ನಿಜವಾಗಿ ಅಪರೂಪದ್ದಾದರೆ ಮುಂದಿನ ತಿಂಗಳೂ ಅದು ಅಪರೂಪದ್ದಾಗಿಯೇ ಇರುತ್ತದೆ.