ರೂಮ್ ಹಿಡಿಯುವ ಮುಂಚೆ

ತಮ್ಮಾ, ಸಪ್ತಾಪುರದಲ್ಲಿ ರೂಮ್ ನೋಡಲು ಬಂದು ಬಾಡಿಗೆ ಕೇಳಿದಿ, ಅಡ್ವಾನ್ಸ್ ಕೇಳಿದಿ, ವೈಫೈ ಇದೆಯೇ ಅಂತಲೂ ಕೇಳಿದಿ. ನೀರು ಎಷ್ಟು ದಿನಕ್ಕೊಮ್ಮೆ ಅಂತ ಮಾತ್ರ ಕೇಳಲಿಲ್ಲ. ಧಾರವಾಡಕ್ಕೆ ನೀನು ಹೊಸಬ ಅನ್ನುವುದು ಅಲ್ಲಿಗೇ ಗೊತ್ತಾಯಿತು.

ಸವದತ್ತಿ ಹತ್ತಿರ ಮಲಪ್ರಭೆಗೆ ಕಟ್ಟಿದ ಜಲಾಶಯದಿಂದ ಈ ಊರಿಗೆ ನೀರು. ನಮ್ಮ ಓಣಿಗೆ ಅದು ದಿನಾ ಬರುವುದಿಲ್ಲ, ಬರುವಾಗ ಹಗಲು ರಾತ್ರಿ ನೋಡುವುದೂ ಇಲ್ಲ. ಹೋದ ವರ್ಷ ಮೇಲಿನ ರೂಮಿನ ಹುಡುಗನೊಬ್ಬ ನಳ ತಿರುವಿ ನೋಡಿದ. ಹನಿ ಬೀಳಲಿಲ್ಲ. ಹಾಗೇ ಬಿಟ್ಟು ಕ್ಲಾಸಿಗೆ ಹೋದ. ಮಧ್ಯಾಹ್ನ ನೀರು ಬಂತು, ರೂಮ್ ತುಂಬಿತು, ಮೆಟ್ಟಿಲಿಳಿದು ನಮ್ಮ ಪಡಸಾಲೆಗೂ ಬಂತು. ಮಂಚದ ಕೆಳಗಿಟ್ಟಿದ್ದ ನೋಟ್ಸೆಲ್ಲ ತೊಯ್ದು ಸಂವಿಧಾನದ ಮಸಿ ಅರ್ಥಶಾಸ್ತ್ರಕ್ಕೆ ಹತ್ತಿತ್ತು. ಆಷಾಢದ ಜಿಟಿಜಿಟಿ ಮಳೆ ಬೇರೆ. ಆ ದಿನಗಳಲ್ಲಿ ಇಲ್ಲಿ ಬನಿಯನ್ನೇ ಒಣಗುವುದಿಲ್ಲ, ಕಾಗದದ ಪಾಡೇನು? ಜಗಳಕ್ಕೆಂದು ಸೆರಗು ಕಟ್ಟಿ ಬಂದ ಪಕ್ಕದ ಮನೆಯ ಅಜ್ಜಿ ಹುಡುಗನ ಮುಖ ನೋಡಿ ಸುಮ್ಮನಾದಳು. ಹಾಳೆಗಳನ್ನು ತನ್ನ ಅಡುಗೆಮನೆಗೆ ಒಯ್ದು, ರೊಟ್ಟಿ ಬೇಯಿಸಿದ ಒಲೆಯ ಸುತ್ತ ಹರವಿದಳು. ನಾಲ್ಕು ದಿನ ಅವಳ ಮನೆಯಲ್ಲಿ ಓಡಾಡುವವರೆಲ್ಲ ಮೂಲಭೂತ ಹಕ್ಕುಗಳನ್ನು ದಾಟಿಕೊಂಡೇ ಓಡಾಡಿದರು.

ನಿನಗೆ ನಾನು ಹೇಳಬೇಕೆಂದಿರುವುದು ಆ ಅಜ್ಜಿಯ ವಿಷಯವೇ.

ಈ ಓಣಿಯಲ್ಲಿ ಬೆಳಿಗ್ಗೆ ಎದ್ದು ಯಾವ ಬಾಗಿಲು ತೆರೆದರೂ ನಿನ್ನಂಥವನೇ ಹೊರಗೆ ಬರುತ್ತಾನೆ. ಅದೇ ವಯಸ್ಸು, ಬೆನ್ನಿಗೆ ಅದೇ ಬ್ಯಾಗು, ಗೋಡೆಗೆ ಅದೇ ಭಾರತದ ನಕಾಶೆ. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್ ಬಿಟ್ಟರೆ ಚಹಾದಂಗಡಿಯಲ್ಲಿ ಬೇರೆ ಅಕ್ಷರ ಕಿವಿಗೆ ಬೀಳುವುದಿಲ್ಲ. ನಾನು ಇಲ್ಲಿಗೆ ಬಂದಾಗ ಹೆಂಚಿನ ಮನೆಗಳಿದ್ದವು, ಅಂಗಳದಲ್ಲಿ ಮಾವಿನ ಮರ, ಜಗಲಿಯ ಮೇಲೆ ನಿವೃತ್ತ ಮೇಷ್ಟರು. ಈಗ ಮರವಿದ್ದಲ್ಲಿ ಮೂರು ಅಂತಸ್ತು, ಅಂತಸ್ತಿಗೆ ಆರು ರೂಮು. ಬೈಯುವ ಹಕ್ಕು ನನಗಿಲ್ಲ; ನಾನೂ ಮೇಲೆ ನಾಲ್ಕು ರೂಮ್ ಎತ್ತಿದವನೇ.

ಒಂದೇ ನಮೂನೆಯವರು ಒಂದೇ ಕಡೆ ಇದ್ದರೆ ಮೊದಮೊದಲು ಹಿತವಾಗಿಯೇ ಇರುತ್ತದೆ. ಪುಸ್ತಕ ಕೈಬದಲಾಗುತ್ತದೆ, ಜ್ವರ ಬಂದರೆ ಗಂಜಿ ತಂದುಕೊಡಲು ಯಾರಾದರೂ ಇರುತ್ತಾರೆ. ಊರಿಂದ ಬಸ್ಸಿನಲ್ಲಿ ಒಬ್ಬನಿಗೆ ಬುತ್ತಿ ಬಂದರೆ ಆ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಐದು ಮಂದಿಯ ಪಾಲು. ಆದರೆ ಪೆಟ್ಟು ಬಿದ್ದಾಗಲೂ ಎಲ್ಲರಿಗೂ ಒಟ್ಟಿಗೇ ಬೀಳುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ರದ್ದಾದ ಸುದ್ದಿ ಬಂದ ಸಂಜೆ ಓಣಿಯಲ್ಲಿ ದೀಪ ಹತ್ತಿಸುವವರೂ ಇರಲಿಲ್ಲ. ಯಾರು ಯಾರಿಗೆ ಸಮಾಧಾನ ಹೇಳಬೇಕು? ಎಲ್ಲರ ಮನೆಯಲ್ಲೂ ಅದೇ ಸಾವು.

ಅದಕ್ಕೇ ಹೇಳುವುದು, ಆ ಅಜ್ಜಿಯ ಹಾಗೆ ಪರೀಕ್ಷೆ ಬರೆಯದ ಒಬ್ಬ ಮನುಷ್ಯನ ಗುರುತು ಇಟ್ಟುಕೋ. ಒಬ್ಬರು ಸಾಕು. ಕಾಯಿಪಲ್ಯೆ ಮಾರುವವಳಿರಲಿ, ಇಸ್ತ್ರಿಯವನಿರಲಿ, ನೀರು ಬಿಡುವ ವಾಲ್‌ಮನ್ ಇರಲಿ. ವಾಲ್‌ಮನ್ ಆದರೆ ಇನ್ನೂ ಲಾಭ. ದಿನಕ್ಕೆ ಹತ್ತು ನಿಮಿಷ ಅವರ ಹತ್ತಿರ ನಿಲ್ಲು. ನಿನ್ನ ಕಟ್‌ಆಫ್ ಎಷ್ಟು ಅಂತ ಅವರು ಕೇಳುವುದಿಲ್ಲ.

ರೂಮ್ ಹಿಡಿಯುವಾಗಲೂ ಇದನ್ನೇ ನೋಡು. ರೀಡಿಂಗ್ ರೂಮಿಗೆ ಹತ್ತಿರ ಅಂತ ಬರೀ ಹುಡುಗರಿರುವ ಕಟ್ಟಡಕ್ಕೆ ಬೀಳಬೇಡ. ಕೆಳಗೆ ಸಂಸಾರವಿರುವ ಮನೆ ಹುಡುಕು. ಗದ್ದಲ ಮಾಡಿದರೆ ಬೈತಾರೆ, ರಾತ್ರಿ ಹತ್ತಕ್ಕೆ ಗೇಟ್ ಹಾಕ್ತಾರೆ, ಹೌದು. ಒಗ್ಗರಣೆಯ ವಾಸನೆ, ಮಗುವಿನ ಅಳು, ಪೂಜೆಯ ಗಂಟೆ ಇವೆಲ್ಲ ಓದಿಗೆ ಅಡ್ಡಿ ಅಂತ ಹುಡುಗರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರೀಡಿಂಗ್ ರೂಮಿನ ಪ್ಲೈವುಡ್ ಕ್ಯಾಬಿನ್ನಿನಲ್ಲಿ ಹನ್ನೆರಡು ತಾಸು ಕೂತು ಮೊಬೈಲ್ ನೋಡಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ಇನ್ನು ಊರು. ನಮ್ಮ ಹುಡುಗರು 1890ರ ಜುಲೈ 20 ಅಂದರೆ ಕರ್ನಾಟಕ ವಿದ್ಯಾವರ್ಧಕ ಸಂಘ ಅಂತ ಕಣ್ಮುಚ್ಚಿ ಟಿಕ್ ಹಾಕುತ್ತಾರೆ. ಸಂಘದ ಬಾಗಿಲು ಯಾವ ದಿಕ್ಕಿಗೆ ಅಂದರೆ ಮುಖ ನೋಡುತ್ತಾರೆ. ‘ನಾಕುತಂತಿ’ಗೆ 1973ರ ಜ್ಞಾನಪೀಠ ಬಂದದ್ದು ಬಾಯಿಪಾಠ, ಬೇಂದ್ರೆಯವರ ಸಾಧನಕೇರಿಗೆ ನಡೆದೇ ಹೋಗಬಹುದೆಂಬುದು ಗೊತ್ತಿಲ್ಲ. ಕರ್ನಾಟಕ ಕಾಲೇಜಿನ ಹಳೆಯ ಕಲ್ಲಿನ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಚೇರಿಯಾಗಿತ್ತು. ರೈಲ್ವೆಯವರು ಎದ್ದುಹೋದ ಮೇಲೆ ಅಲ್ಲಿ ಪಾಠ ಶುರುವಾಯಿತು. ವಾರಕ್ಕೊಂದು ಸಂಜೆ ಪುಸ್ತಕ ಬಿಟ್ಟು ಇಂಥಲ್ಲಿಗೆ ಹೋಗು. ಸಂಘದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲು ಹೆಚ್ಚಾಗಿ ಖಾಲಿಯೇ ಇರುತ್ತದೆ. ಭಾಷಣ ಉದ್ದವಾದರೆ ಎದ್ದು ಬಂದರಾಯಿತು, ನಾನೂ ಹಾಗೇ ಮಾಡುತ್ತೇನೆ.

ಇಲ್ಲಿ ಎಷ್ಟು ವರ್ಷ ಇರುತ್ತೀ ಅನ್ನುವುದನ್ನು ಈಗಲೇ ಒಂದು ಹಾಳೆಯ ಮೇಲೆ ಬರೆದು ಅಪ್ಪನ ಕೈಗೆ ಕೊಡು. ‘ಇನ್ನೊಂದು ಅಟೆಂಪ್ಟ್’ ಅಂತ ಎಳೆಯುತ್ತ ತಲೆಗೂದಲು ಉದುರಿಸಿಕೊಂಡವರು ಇದೇ ಓಣಿಯಲ್ಲಿದ್ದಾರೆ. ಇದನ್ನು ಬಿಡಿಸಿ ಹೇಳುವುದು ಬೇಡ, ನೀನೇ ನೋಡುತ್ತೀ.

ನಮ್ಮಲ್ಲಿ ರೋಣದ ಕಡೆಯ ಹುಡುಗನೊಬ್ಬನಿದ್ದ. ದಿನಾ ಸಂಜೆ ಮೂಲೆಯ ಟೇಲರ್ ಹತ್ತಿರ ಕೂತು ಚಹಾ ಕುಡಿಯುತ್ತಿದ್ದ. ಒಂದು ಫಲಿತಾಂಶದ ದಿನ ಎರಡು ಮಾರ್ಕಿಗೆ ಹೋಯಿತು. ರೂಮಿಗೆ ಬರಲಾರದೆ ಸೀದಾ ಅಲ್ಲಿಗೇ ಹೋಗಿ ಕೂತ. ನಾನು ಹುಡುಕುತ್ತ ಹೋದರೆ, ಟೇಲರ್ ಕನ್ನಡಕ ಮೂಗಿನ ತುದಿಗಿಳಿಸಿ ಅವನ ಕಾಲು ನೋಡುತ್ತಿದ್ದ. “ಎಷ್ಟ್ ದಿನಾತೋ ಈ ಪ್ಯಾಂಟಿನ ಮಡಿಕಿ ಬಿಚ್ಚಿ? ಒಳಗ ಲುಂಗಿ ಐತಿ, ಉಟಗೊಂಡು ಬಾ, ಹೊಲದ ಕೊಡ್ತೀನಿ” ಅಂದ. ಹುಡುಗ ಲುಂಗಿ ಉಟ್ಟು ಕೂತ. ಮಶಿನ್ ಓಡುತ್ತಿರುವಷ್ಟು ಹೊತ್ತೂ ಅತ್ತ. ಟೇಲರ್ ತಲೆಯೆತ್ತದೆ ಹೊಲಿದ. ರೊಕ್ಕ ತೊಗೊಳ್ಳಲಿಲ್ಲ ಅನ್ನಬೇಡ, ಇಪ್ಪತ್ತು ರೂಪಾಯಿ ತೊಗೊಂಡ.

ರೂಮ್ ಬೇಕಾದರೆ ಮೂಲೆಯದು ಖಾಲಿ ಇದೆ, ಟೇಲರ್ ಅಂಗಡಿ ಎದುರಿನದು. ನಾಳೆ ನೀರಿನ ಪಾಳಿ ಇರಬಹುದು. ಬರುವುದಾದರೆ ಆರರೊಳಗೆ ಬಾ, ಎರಡು ಕೊಡ ತೊಗೊಂಡು ಬಾ.