ಟೂಲ್‌ಕಿಟ್ ಆರಿಸುವ ಮುನ್ನ ಪರವಾನಗಿ ಓದಿ

ಅಂಗಡಿಯ ಬಿಲ್ಲಿಂಗ್‌ಗೋ ಶಾಲೆಯ ಹಾಜರಿಗೋ ತಂತ್ರಾಂಶ ಬರೆಯಲು ಕೂತವರು ಪರದೆಯ ಬಟನ್, ಮೆನು, ವಿಂಡೋಗಳನ್ನು ಮೊದಲಿನಿಂದ ತಾವೇ ರೂಪಿಸುವುದಿಲ್ಲ. ಸಿದ್ಧ ಟೂಲ್‌ಕಿಟ್ ಬಳಸುತ್ತಾರೆ. ಕ್ಯೂಟಿ, ಜಿಟಿಕೆ, ಫ್ಲಟರ್, ಟಿಕೆ ಹೀಗೆ ಆಯ್ಕೆ ಹಲವು. ಹೆಚ್ಚಿನವರು ಅಂದ ಮತ್ತು ಬೆಲೆ ನೋಡಿ ಆರಿಸುತ್ತಾರೆ. ತಂತ್ರಾಂಶವನ್ನು ಗ್ರಾಹಕರಿಗೆ ಕೊಡುವ ದಿನ ತೊಡಕು ಎದುರಾಗುವುದು ಪರವಾನಗಿಯಿಂದ. ಆದ್ದರಿಂದ ಕೋಡ್ ಬರೆಯುವ ಮೊದಲೇ ಈ ಹಂತಗಳನ್ನು ಮುಗಿಸಿಕೊಳ್ಳಿ.

1. ಬಳಸುವವರು ಯಾರು?

ತಂತ್ರಾಂಶ ನಿಮ್ಮ ಸಂಸ್ಥೆಯೊಳಗೇ ಉಳಿಯುವುದಾದರೆ ಜಿಪಿಎಲ್ ಪರವಾನಗಿಯ ಟೂಲ್‌ಕಿಟ್ ಬಳಸಿದರೂ ಮೂಲಸಂಕೇತವನ್ನು ಹೊರಗಿನವರಿಗೆ ಕೊಡಬೇಕಿಲ್ಲ. ಹೊರಗಿನವರಿಗೆ ಮಾರಿದರೂ, ಉಚಿತವಾಗಿ ಹಂಚಿದರೂ ಷರತ್ತುಗಳು ಜಾರಿಗೆ ಬರುತ್ತವೆ.

2. ಪರವಾನಗಿ ಯಾವ ಬಗೆಯದು?

ಎಂಐಟಿ, ಬಿಎಸ್‌ಡಿ: ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡರೆ ಸಾಕು, ನಿಮ್ಮ ಕೋಡ್ ಗುಟ್ಟಾಗಿಡಬಹುದು. ಎಲೆಕ್ಟ್ರಾನ್, ಫ್ಲಟರ್ ಈ ಗುಂಪಿನವು.

ಎಲ್‌ಜಿಪಿಎಲ್: ನಿಮ್ಮ ಕೋಡ್ ನಿಮ್ಮದೇ. ಆದರೆ ಬಳಕೆದಾರರು ಟೂಲ್‌ಕಿಟ್‌ನ ಬದಲಾದ ಆವೃತ್ತಿಯನ್ನು ಜೋಡಿಸಿಕೊಳ್ಳಲು ಅವಕಾಶ ಇರಬೇಕು. ಡೈನಮಿಕ್ ಲಿಂಕಿಂಗ್ ಇದಕ್ಕೆ ಸುಲಭದ ದಾರಿ. ಜಿಟಿಕೆ ಮತ್ತು ಕ್ಯೂಟಿಯ ಬಹುಭಾಗ ಇಲ್ಲಿ ಬರುತ್ತವೆ.

ಜಿಪಿಎಲ್: ಹಂಚಿದರೆ ನಿಮ್ಮ ಮೂಲಸಂಕೇತವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು.

ವಾಣಿಜ್ಯ ಪರವಾನಗಿ: ಹಣ ಕೊಟ್ಟು ಈ ಹೊಣೆಗಳಿಂದ ಬಿಡುಗಡೆ ಪಡೆಯುತ್ತೀರಿ, ಜೊತೆಗೆ ಸಾಮಾನ್ಯವಾಗಿ ತಾಂತ್ರಿಕ ನೆರವೂ ಸಿಗುತ್ತದೆ.

3. ಬಿಡಿಭಾಗಗಳನ್ನೂ ನೋಡಿ

ಪೈಥಾನ್‌ನಿಂದ ಕ್ಯೂಟಿ ಬಳಸಲು ಎರಡು ದಾರಿಗಳಿವೆ. ಪೈಸೈಡ್ ಎಲ್‌ಜಿಪಿಎಲ್‌ನಲ್ಲಿ ಲಭ್ಯ. ಪೈಕ್ಯೂಟಿ ಜಿಪಿಎಲ್ ಅಥವಾ ವಾಣಿಜ್ಯ ಪರವಾನಗಿಯಲ್ಲಿ ಮಾತ್ರ. ಎರಡರ ಕೋಡ್ ನೋಡಲು ಹೆಚ್ಚುಕಡಿಮೆ ಒಂದೇ, ಹೊಣೆ ಬೇರೆ. ಕ್ಯೂಟಿ ಚಾರ್ಟ್ಸ್‌ನಂಥ ಕೆಲವು ಮಾಡ್ಯೂಲ್‌ಗಳಿಗೂ ಎಲ್‌ಜಿಪಿಎಲ್ ಸೌಲಭ್ಯವಿಲ್ಲ. ಬಳಸುವ ಪ್ರತಿ ಮಾಡ್ಯೂಲ್‌ನ ಮುಂದೆ ಅದರ ಪರವಾನಗಿ ಬರೆದಿಟ್ಟುಕೊಳ್ಳಿ.

4. ಯಾವ ಯಂತ್ರಕ್ಕೆ?

ಮೂಲಸಂಕೇತ ಮುಕ್ತವಾಗಿದ್ದ ಮಾತ್ರಕ್ಕೆ ಎಲ್ಲೆಡೆ ಓಡುತ್ತದೆ ಎಂದುಕೊಳ್ಳಬೇಡಿ. ಮೈಕ್ರೋಸಾಫ್ಟ್‌ನ ಡಬ್ಲ್ಯುಪಿಎಫ್ ಟೂಲ್‌ಕಿಟ್ 2018ರಿಂದ ಮುಕ್ತ, ಓಡುವುದು ಮಾತ್ರ ವಿಂಡೋಸ್‌ನಲ್ಲಿ. ಬಳಕೆದಾರರು ತಂತ್ರಾಂಶ ಬದಲಿಸಲಾಗದಂತೆ ಬೀಗ ಹಾಕಿದ ಗೃಹೋಪಕರಣ ತಯಾರಿಸುತ್ತಿದ್ದರೆ ಎಲ್‌ಜಿಪಿಎಲ್ ಮೂರನೇ ಆವೃತ್ತಿ ಅಡ್ಡಬರುತ್ತದೆ.

5. ಕನ್ನಡದಲ್ಲಿ ಪರೀಕ್ಷಿಸಿ

‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಜ್ಯೋತ್ಸ್ನೆ’ ಪದಗಳನ್ನು ಬಟನ್ ಮೇಲೂ ಪಠ್ಯ ತುಂಬುವ ಜಾಗದಲ್ಲೂ ಹಾಕಿ ನೋಡಿ. ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ? ಕರ್ಸರ್ ಅಕ್ಷರದ ನಡುವೆ ಸಿಕ್ಕಿಕೊಳ್ಳುತ್ತದೆಯೇ? ಕ್ಯೂಟಿ, ಜಿಟಿಕೆ, ಫ್ಲಟರ್ ಮೂರೂ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತವೆ. ಆದರೂ ಗ್ರಾಹಕರ ಹಳೆಯ ಕಂಪ್ಯೂಟರ್‌ನಲ್ಲಿ ಒಮ್ಮೆ ಓಡಿಸಿ ನೋಡುವುದು ಕ್ಷೇಮ.

6. ಮಾಲೀಕರು ಬದಲಾದರೆ?

ನಾರ್ವೆಯ ಟ್ರೋಲ್‌ಟೆಕ್ ಕಂಪನಿ ಕಟ್ಟಿದ ಕ್ಯೂಟಿ 2008ರಲ್ಲಿ ನೋಕಿಯಾ ಪಾಲಾಯಿತು, 2012ರಲ್ಲಿ ಡಿಜಿಯಾ ಕೈಸೇರಿತು. ಈಗ ಕ್ಯೂಟಿ ಕಂಪನಿಯದು. ಮೊದಲು ಅದರ ಪರವಾನಗಿ ಪೂರ್ತಿ ಮುಕ್ತವಾಗಿರಲಿಲ್ಲ. ಕ್ಯೂಟಿ ಮೇಲೆ ನಿಂತಿದ್ದ ಕೆಡಿಇ ಎಂಬ ಡೆಸ್ಕ್‌ಟಾಪ್‌ಗೆ ಪರ್ಯಾಯವಾಗಿ 1997ರಲ್ಲಿ ಗ್ನೋಮ್ ಯೋಜನೆ ಹುಟ್ಟಿದ್ದಕ್ಕೆ ಅದೇ ಕಾರಣ. ಮುಂದೆ ಕ್ಯೂಟಿ 2000ದಲ್ಲಿ ಜಿಪಿಎಲ್‌ಗೂ 2009ರಲ್ಲಿ ಎಲ್‌ಜಿಪಿಎಲ್‌ಗೂ ತೆರೆದುಕೊಂಡಿತು. ಕಂಪನಿ ಮುಕ್ತ ಆವೃತ್ತಿಯನ್ನು ನಿಲ್ಲಿಸಿದರೆ ಕ್ಯೂಟಿಯನ್ನು ಬಿಎಸ್‌ಡಿ ಮಾದರಿಯ ಪರವಾನಗಿಯಲ್ಲಿ ಬಿಡುಗಡೆ ಮಾಡುವ ಹಕ್ಕು ಕೆಡಿಇ ಫ್ರೀ ಕ್ಯೂಟಿ ಫೌಂಡೇಶನ್‌ಗಿದೆ. ನೀವು ಆರಿಸುವ ಟೂಲ್‌ಕಿಟ್‌ಗೂ ಇಂಥ ಭದ್ರತೆ ಇದೆಯೇ ವಿಚಾರಿಸಿ. ಪೂರ್ತಿ ಸ್ವಾಮ್ಯದ ಟೂಲ್‌ಕಿಟ್ ಆದರೆ ಕಂಪನಿ ಕೈಬಿಟ್ಟ ದಿನ ದುರಸ್ತಿ ನಿಮ್ಮ ಕೈಯಲ್ಲಿರುವುದಿಲ್ಲ.

7. ಹಣ ಕೊಡುವುದು ಯಾವಾಗ?

ಮುಕ್ತ ಪರವಾನಗಿಯ ಷರತ್ತು ಪಾಲಿಸಲು ಆಗದಿದ್ದಾಗ, ಇಲ್ಲವೇ ದೋಷ ಕಂಡಾಗ ಉತ್ತರ ಕೊಡುವ ಹೊಣೆಗಾರರು ಬೇಕೇಬೇಕು ಎನಿಸಿದಾಗ. ಆಗಲೂ ಶುಲ್ಕ ಡೆವಲಪರ್ ತಲೆಗಿಷ್ಟೋ, ಮಾರುವ ಸಾಧನಕ್ಕಿಷ್ಟೋ, ಪ್ರತಿವರ್ಷ ನವೀಕರಿಸಬೇಕೋ ಎಂಬುದನ್ನು ಬರಹದಲ್ಲೇ ಪಡೆಯಿರಿ.

ಸಣ್ಣ ತಂಡಗಳ ಮೇಜುಗಣಕದ ತಂತ್ರಾಂಶಕ್ಕೆ ಎಂಐಟಿ, ಬಿಎಸ್‌ಡಿ ಅಥವಾ ಎಲ್‌ಜಿಪಿಎಲ್ ಟೂಲ್‌ಕಿಟ್ ಸಾಮಾನ್ಯವಾಗಿ ಸಾಕು. ಉಳಿದ ಹಣವನ್ನು ಕನ್ನಡದ ಪರೀಕ್ಷೆಗೂ ಬಳಕೆದಾರರ ತರಬೇತಿಗೂ ತೊಡಗಿಸಿ. ಅನುಮಾನವಿದ್ದರೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಿ.