ಬಾವಿ ನೀರಿನ ವ್ಯಾಜ್ಯವೂ ನಿವೃತ್ತ ನ್ಯಾಯಾಧೀಶರೂ



ಬದು, ಬಾವಿ, ಬಂಡಿದಾರಿ – ನಮ್ಮ ತಾಳವಾಡಿ ಸೀಮೆಯ ಒಕ್ಕಲು ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತುವುದು ಬಹುಮಟ್ಟಿಗೆ ಈ ಮೂರರಿಂದಲೇ. ದಿಂಬಂ ಘಟ್ಟದ 27 ತಿರುವು ಇಳಿದು, ವಾಯಿದೆ ಕೇಳಿಕೊಂಡು, ಮತ್ತೆ ಹತ್ತಿ ಬರುವಷ್ಟರಲ್ಲಿ ಒಂದು ದಿನದ ಬೇಸಾಯ ಹೋಯಿತು. ನಾವೂ ಹೀಗೆ ಆರು ವರ್ಷ ಇಳಿದು ಹತ್ತಿದವರೇ. ಕಡೆಗೆ ನಮ್ಮ ವ್ಯಾಜ್ಯ ಮುಗಿದದ್ದು ತೀರ್ಪಿನಿಂದಲ್ಲ, ಒಬ್ಬ ನಿವೃತ್ತ ನ್ಯಾಯಾಧೀಶರ ಎದುರಿಗೆ ಆದ ರಾಜಿಯಿಂದ. ಆ ರಾಜಿಯಲ್ಲಿ ನಮಗೆ ಸಿಕ್ಕಿದ್ದನ್ನೂ ನಾವು ಮಾಡಿದ ತಪ್ಪನ್ನೂ ಇಲ್ಲಿ ಬರೆಯುತ್ತೇವೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು ಈಗಿನ ರೂಪದಲ್ಲಿ 2002ರ ಜುಲೈ 1ರಿಂದ ಜಾರಿಯಲ್ಲಿದೆ. ರಾಜಿಯಾಗುವ ಲಕ್ಷಣ ಕಂಡರೆ ನ್ಯಾಯಾಲಯವು ಮೊಕದ್ದಮೆಯನ್ನು ಮಧ್ಯಸ್ಥಿಕೆಗೆ ಅಥವಾ ಲೋಕ ಅದಾಲತ್ತಿಗೆ ಕಳಿಸಬಹುದೆಂದು ಅದು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಮದ್ರಾಸ್ ಹೈಕೋರ್ಟಿನ ಮಧ್ಯಸ್ಥಿಕೆ ಕೇಂದ್ರ 2005ರಲ್ಲಿ ತೆರೆಯಿತು. ಜಿಲ್ಲೆಗಳಲ್ಲಿ ಆಮೇಲೆ ಬಂದವು. ಮಧ್ಯಸ್ಥರಾಗಿ ಕೂರುವವರು ಅನುಭವಸ್ಥ ವಕೀಲರು, ಇಲ್ಲವೇ ನಿವೃತ್ತ ನ್ಯಾಯಾಧೀಶರು. ಈ ಕೆಲಸಕ್ಕೆಂದೇ 40 ಗಂಟೆಯ ತರಬೇತಿಯೂ ಉಂಟು. ಜೀವಮಾನವೆಲ್ಲ ತೀರ್ಪು ಬರೆದವರು ತೀರ್ಪು ಕೊಡದೆ ಕೂರುವುದನ್ನು ಕಲಿಯಬೇಕಲ್ಲ!

ಹೆಸರಿನ ವಿಷಯವಾಗಿ ಒಂದು ಮಾತು. ಲೋಕ ಅದಾಲತ್ತಿಗೆ ತಮಿಳಿನಲ್ಲಿ 'ಮಕ್ಕಳ್ ನೀದಿಮನ್ರಂ' ಎನ್ನುತ್ತಾರೆ. ನಮ್ಮ ಊರಿನ ಮುದುಕಪ್ಪನೊಬ್ಬರು ಆ ಫಲಕ ನೋಡಿ, ಇದು ಹುಡುಗರ ಕೋರ್ಟು ಎಂದುಕೊಂಡು ಹಿಂದಿರುಗಿದ್ದರು. ತಮಿಳಿನ 'ಮಕ್ಕಳ್' ಎಂದರೆ ಜನರು.

ಈಗ ನಮ್ಮ ಕಥೆಗೆ ಬರೋಣ. ಬಾವಿ ನಮಗೂ ನಮ್ಮ ದೊಡ್ಡಪ್ಪನ ಮಗನಿಗೂ ಸರಿಪಾಲು. ಬಾವಿ ಇರುವುದು ಅಣ್ಣನ ಹೊಲದಲ್ಲಿ, ಕರೆಂಟಿನ ಸಂಪರ್ಕವೂ ಅಣ್ಣನ ಹೆಸರಿನಲ್ಲಿ. ನಾವು ಅರಿಸಿನ ಇಟ್ಟ ಮೇಲೆ ನೀರಿನ ಸರದಿ ಕೆಟ್ಟಿತು. ಮಾತು ಬೆಳೆಯಿತು, ದಾರಿಗೆ ಮುಳ್ಳು ಬಿತ್ತು, ನಾವು ದಾವೆ ಹಾಕಿದೆವು.

ಮಧ್ಯಸ್ಥಿಕೆಯ ಕೋಣೆಯಲ್ಲಿ ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಒಂದು ಮೇಜು, ಸುತ್ತ ಕುರ್ಚಿಗಳು. ನಾವು ಅಭ್ಯಾಸಬಲದಿಂದ ಕೈಮುಗಿದು ನಿಂತು, "ಸ್ವಾಮಿ, ತಾವು ದೊಡ್ಡವರು, ತಾವು ಹೇಗೆ ಹೇಳಿದರೆ ಹಾಗೆ" ಎಂದೆವು. ಅವರು ನಮ್ಮನ್ನು ಕೂರಿಸಿ, "ಹೇಳುವ ಅಧಿಕಾರ ನನಗೆ ಇಲ್ಲಿಲ್ಲ. ನಾನು ಕೇಳುವವನು, ಹೇಳಬೇಕಾದವರು ನೀವಿಬ್ಬರು" ಎಂದರು. ಮಾತೆಲ್ಲ ತಮಿಳಿನಲ್ಲಿ, ತಿಳಿಯದಿದ್ದುದನ್ನು ವಕೀಲರ ಗುಮಾಸ್ತರು ಕನ್ನಡದಲ್ಲಿ ಬಿಡಿಸಿದರು.

ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದರು. ಹೀಗೆ ಗುಟ್ಟಾಗಿ ಹೇಳಿದ್ದನ್ನು ನಮ್ಮ ಒಪ್ಪಿಗೆಯಿಲ್ಲದೆ ಎದುರಾಳಿಗೆ ತಿಳಿಸುವಂತಿಲ್ಲ. ರಾಜಿ ಮುರಿದರೆ ಮೊಕದ್ದಮೆ ಮೊದಲಿದ್ದ ಕೋರ್ಟಿಗೇ ಹಿಂದಿರುಗುತ್ತದೆ, ಆದರೆ ಕೋಣೆಯಲ್ಲಿ ಆಡಿದ ಮಾತನ್ನು ಅಲ್ಲಿ ಸಾಕ್ಷ್ಯವಾಗಿ ತರುವಂತಿಲ್ಲ. ಆದಕಾರಣ ಬಾಯಿ ಬಿಡಲು ಹೆದರಬೇಕಾಗಿಲ್ಲ. ನಾವು ಮೊದಲ ದಿನ ಹೆದರಿ ಅರ್ಧ ಮಾತ್ರ ಹೇಳಿದೆವು, ಒಂದು ವಾಯಿದೆ ವ್ಯರ್ಥವಾಯಿತು.

ಎರಡನೆಯ ಸಲ ಅವರು ಕೇಳಿದ ಪ್ರಶ್ನೆ ನಮ್ಮ ವಕೀಲರು ಆರು ವರ್ಷದಲ್ಲಿ ಕೇಳದಿದ್ದದ್ದು: "ನಿಮ್ಮ ಅರಿಸಿನಕ್ಕೆ ಯಾವ ತಿಂಗಳವರೆಗೆ ನೀರು ಬೇಕು?" ಕೋರ್ಟಿನ ಕಾಗದದಲ್ಲಿ ಇದ್ದದ್ದು ಸರಿಪಾಲಿನ ಹಕ್ಕು. ಸರಿಪಾಲೆಂದರೆ ವಾರಕ್ಕೆ ಮೂರೂವರೆ ದಿನ, ಇಬ್ಬರಿಗೂ ಸಾಲದು. ಆದರೆ ಬೆಳೆಗೆ ಹಕ್ಕಿನ ಲೆಕ್ಕ ತಿಳಿಯುವುದೇ? ಅರಿಸಿನ ಕೀಳುವುದಕ್ಕೆ ತಿಂಗಳ ಮೊದಲೇ ನೀರು ನಿಲ್ಲಿಸುತ್ತೇವೆ. ಅಣ್ಣನ ಜೋಳ ಮಳೆಯ ಮೇಲೆ ಬರುತ್ತದೆ, ಅವನಿಗೆ ನೀರು ಬೇಕಾದುದು ಬೇಸಗೆಯ ಕೋಸಿಗೆ. ಇಷ್ಟು ಹೊರಗೆ ಬಿದ್ದ ಮೇಲೆ, ಜೂನಿನಿಂದ ಜನವರಿಯ ಕೊನೆಯವರೆಗೆ ನಮಗೆ ವಾರದಲ್ಲಿ ನಾಲ್ಕು ದಿನ, ಅಣ್ಣನಿಗೆ ಮೂರು. ಫೆಬ್ರವರಿಯಿಂದ ಮೇ ಮುಗಿಯುವ ತನಕ ಅವನಿಗೆ ಐದು, ನಮಗೆ ಎರಡು ಎಂದು ನಾವೇ ಆಡಿಕೊಂಡೆವು. ಇಂಥ ಏರ್ಪಾಟನ್ನು ಯಾವ ತೀರ್ಪೂ ಕೊಡುತ್ತಿರಲಿಲ್ಲ, ಏಕೆಂದರೆ ದಾವೆಯಲ್ಲಿ ಯಾರೂ ಅದನ್ನು ಬೇಡಿರಲಿಲ್ಲ.

ಮೂರನೆಯ ಸಲ ರಾಜಿ ಪತ್ರ ಬಂದಿತು. ಸಂತೋಷದಲ್ಲಿ ಸಹಿ ಹಾಕಿಬಿಟ್ಟೆವು. ಮಧ್ಯಸ್ಥರು, "ಓದಿಸಿಕೊಳ್ಳಿರಿ" ಎಂದು ಎರಡು ಸಲ ಹೇಳಿದ್ದರು. ಅಷ್ಟು ದೊಡ್ಡವರ ಮುಂದೆ ಅನುಮಾನ ಪಡುವುದು ಅಗೌರವವೆಂದು ನಾವೇ, ಮಕ್ಕಳಿಗೆ ಪಾಠ ಹೇಳುವ ಮೇಷ್ಟರು, ಬೇಡವೆಂದೆವು. ಪತ್ರದಲ್ಲಿ 'ಬಾವಿಗೆ ಹೋಗುವ ಗಾಡಿದಾರಿಗೆ ಅಡ್ಡಿ ಮಾಡತಕ್ಕದ್ದಲ್ಲ' ಎಂದಷ್ಟೇ ಇತ್ತು. ಅಗಲ ಎಷ್ಟೆಂದು ಇರಲಿಲ್ಲ. ಅಣ್ಣನ ಲೆಕ್ಕದಲ್ಲಿ ಗಾಡಿಯೆಂದರೆ ಎತ್ತಿನ ಗಾಡಿ, ನಮ್ಮ ಲೆಕ್ಕದಲ್ಲಿ ಟ್ರೇಲರ್ ಸಮೇತ ಟ್ರಾಕ್ಟರು. ಕೊಯ್ಲಿನ ದಿನ ಇದು ತಿಳಿಯಿತು. ಮರುವರ್ಷ ಮೋಟಾರು ಸುಟ್ಟಾಗ ರಿಪೇರಿ ಖರ್ಚು ಯಾರದೆಂಬುದೂ ಪತ್ರದಲ್ಲಿ ಇಲ್ಲವೆಂದು ಕಂಡಿತು.

ಇದು ಸಣ್ಣ ಮಾತಲ್ಲ. ಮಧ್ಯಸ್ಥಿಕೆಯ ರಾಜಿ ಕೋರ್ಟಿಗೆ ಹೋಗಿ ಡಿಕ್ರಿಯಾಗುತ್ತದೆ. ಉಭಯರ ಒಪ್ಪಿಗೆಯ ಡಿಕ್ರಿಗೆ 96ನೆಯ ಕಲಮಿನಂತೆ ಅಪೀಲು ಇಲ್ಲ. ಲೋಕ ಅದಾಲತ್ತಿನ ನಿರ್ಣಯಕ್ಕೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಅಪೀಲು ಇಲ್ಲ. ತಪ್ಪು ತೀರ್ಪನ್ನು ಮೇಲಿನ ಕೋರ್ಟು ತಿದ್ದಬಹುದು. ನಾವೇ ಒಪ್ಪಿ ಬರೆದುಕೊಟ್ಟದ್ದನ್ನು ತಿದ್ದಿಸುವುದು ಬಲು ಕಷ್ಟ.

ಆದ್ದರಿಂದ ಗಡಿಯ ಕನ್ನಡಿಗರು ರಾಜಿ ಪತ್ರವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳದೆ ಸಹಿ ಹಾಕಕೂಡದು. ದಾರಿಯಾದರೆ ಯಾವ ಸರ್ವೇ ಕಲ್ಲಿನಿಂದ ಯಾವ ಕಲ್ಲಿಗೆ, ಎಷ್ಟು ಅಡಿ ಎಂದು ಬರೆಯಿಸಿರಿ. ಸರ್ವೇ ನಕ್ಷೆಯ ಪ್ರತಿ ಜೊತೆಗಿರಲಿ. ನೀರಾದರೆ ದಿನ, ಗಂಟೆ, ಕರೆಂಟು ಇಲ್ಲದ ದಿನ ಯಾರ ಲೆಕ್ಕಕ್ಕೆ ಎಂಬುದು, ರಿಪೇರಿ ಖರ್ಚು. ಪಾಲಿನ ವ್ಯಾಜ್ಯವಾದರೆ ಅಕ್ಕತಂಗಿಯರನ್ನು ಬಿಡಬೇಡಿರಿ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳೂ ಸಮಪಾಲುದಾರರು, ಅವರ ಸಹಿಯಿಲ್ಲದ ರಾಜಿ ನಿಲ್ಲುವುದು ಕಷ್ಟ. ಮೈನರ್ ಮಕ್ಕಳ ಪಾಲಿದ್ದರೆ ಕೋರ್ಟಿನ ಅನುಮತಿ ಬೇಕು. ದಾವೆಯಲ್ಲಿ ಇಲ್ಲದ ಜಮೀನನ್ನು ರಾಜಿಗೆ ಸೇರಿಸಿದರೆ ಆ ಡಿಕ್ರಿಯನ್ನು ನೋಂದಣಿ ಮಾಡಿಸಬೇಕಾಗುತ್ತದೆ. ಇದನ್ನು ಮರೆಯುವವರೇ ಹೆಚ್ಚು.

ನಮ್ಮ ದಾರಿ ಏನಾಯಿತೆಂದರೆ, ಮೋಟಾರು ಸುಟ್ಟ ವಾರ ಅಣ್ಣನೇ ಮನೆಗೆ ಬಂದು, "ಮತ್ತೆ ಘಟ್ಟ ಇಳಿಯೋದು ಬೇಡ ಕಣಪ್ಪ" ಎಂದನು. ಇಬ್ಬರೂ ಹಗ್ಗ ಹಿಡಿದು ಹತ್ತು ಅಡಿ ಅಳೆದು, ಎರಡು ಕಡೆಯೂ ಕಲ್ಲು ನೆಟ್ಟೆವು. ಮೋಟಾರಿನ ಖರ್ಚು ಅರ್ಧ ಅರ್ಧ. ಈ ಸಲ ಬರೆದುಕೊಂಡೂ ಇದ್ದೇವೆ, ಇಬ್ಬರ ಮನೆಯಲ್ಲೂ ಒಂದೊಂದು ಪ್ರತಿ.

ಇನ್ನು ಹಣದ ವಿಷಯ. ಲೋಕ ಅದಾಲತ್ತಿಗೆ ಶುಲ್ಕವಿಲ್ಲ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ; ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು. ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ಹಿಂದಕ್ಕೆ ಬರುತ್ತದೆ. ಕೋರ್ಟು ಕಳಿಸದೆ ತಾವಾಗಿಯೇ ಹೊರಗೆ ರಾಜಿಯಾದವರಿಗೂ ಅದು ಸಲ್ಲುತ್ತದೆಂದು ನಮ್ಮ ರಾಜ್ಯದ ಪ್ರಕರಣದಲ್ಲಿಯೇ 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಕೀಲರಿಗೆ ನೆನಪು ಮಾಡಿ ಅರ್ಜಿ ಹಾಕಿಸಿರಿ.